ಕಾಲಡಿಯ ಮೇಣ

“ಗುರುಗಳೇ, ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಎಲ್ಲರೂ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಎಲ್ಲವನ್ನೂ ಬಿಟ್ಟು ಬಂದರೆ ಸಾಧನೆ ಬೇಗ ಸಾಗುವುದಿಲ್ಲವೇ?” ಎಂದು ಚಹಾದಂಗಡಿಯಲ್ಲಿ ಶಿಷ್ಯ ಕೇಳಿದ.

ಗುರು ಹೇಳಿದ:

“ಸ್ಕೀ ಹಲಗೆ ಕಟ್ಟಿಕೊಂಡು ಹಿಮಾಲಯವನ್ನು ಮೂರು ಸಲ ದಾಟಿದವನು ನಾನು. ಸುಳ್ಳು. ನಾನು ಕಂಡ ಹಿಮವೆಲ್ಲ ಕಬ್ಬಿನ ಹಾಲಿನ ಲೋಟದೊಳಗಿನದು. ಆದರೂ ಕೇಳು.

ಒಂದು ಹಿಮದ ನಾಡು. ಅಲ್ಲಿ ಜನ ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು, ಹಿಮದ ಮೇಲೆ ಜಾರುತ್ತ ಊರಿಂದೂರಿಗೆ ಹೋಗುತ್ತಾರೆ. ಕಣಿವೆಯಲ್ಲಿ ಒಬ್ಬ ಕಸುಬುದಾರನಿದ್ದ. ಸವೆದ ಹಲಗೆಗಳ ತಳ ಸರಿಮಾಡುವುದು ಅವನ ಕೆಲಸ. ಹಳೆಯ ಮೇಣ ಕೆರೆದು, ಗೀರುಗಳನ್ನು ತುಂಬಿ, ಹೊಸ ಮೇಣವನ್ನು ಇಸ್ತ್ರಿಪೆಟ್ಟಿಗೆಯಿಂದ ಕರಗಿಸಿ ಇಳಿಸುತ್ತಿದ್ದ. ಹಲಗೆಯ ಹಿಂದಿನ ಮುಂದಿನ ಭಾಗಗಳಿಗೆ ಜಾರುವ ಮೇಣ. ನಡುವೆ, ಕಾಲಡಿಯಲ್ಲಿ ಮಾತ್ರ, ಅಂಟು ಮೇಣ. ಏರು ಹತ್ತುವಾಗ ಹಿಮವನ್ನು ಕಚ್ಚಿ ಹಿಡಿಯುವುದು ಅದೇ.

ಒಬ್ಬ ಸೂಲಗಿತ್ತಿ ತನ್ನ ಹಲಗೆಗಳನ್ನು ಅವನಿಗೆ ಕೊಟ್ಟಿದ್ದಳು. ತಳ ಕನ್ನಡಿಯಂತೆ ಬಂತು. ಅಂಥದ್ದರ ನಡುವೆ ಮಂಕು ಅಂಟನ್ನು ಬಳಿಯಲು ಅವನಿಗೆ ಮನಸ್ಸಾಗಲಿಲ್ಲ. ಉದ್ದಕ್ಕೂ ಜಾರುವ ಮೇಣವನ್ನೇ ಹಚ್ಚಿದ.

ಮರುದಿನ ಗುಡ್ಡದ ಮೇಲಿನ ಊರಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ಅವನ ಮಗಳಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ. ಸೂಲಗಿತ್ತಿ ತನ್ನ ಹಲಗೆಗಳಿಗಾಗಿ ಅವನ ಬಳಿ ಓಡಿ ಬಂದಳು.

‘ಕಾಲಡಿಗೆ ಅಂಟು ಹಚ್ಚಿದ್ದೀಯೇನಣ್ಣ?’

‘ನಿನ್ನ ಮುಖ ಕಾಣುತ್ತದೆ ನೋಡಕ್ಕ ಅದರಲ್ಲಿ. ಗಾಳಿಯ ಹಾಗೆ ಹೋಗುತ್ತೀಯ.’

ಬಯಲಿನಲ್ಲಿ ಅವಳು ಗಾಳಿಯ ಹಾಗೆಯೇ ಹೋದಳು. ಏರು ಬಂತು. ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಹಿಂದಕ್ಕೆ ಜಾರಿದಳು. ಕೊನೆಗೆ ಹಲಗೆ ಬಿಚ್ಚಿ, ಸೊಂಟದವರೆಗೆ ಹಿಮದಲ್ಲಿ ಹೂತು ನಡೆದಳು. ಮಧ್ಯಾಹ್ನ ತಲುಪಬೇಕಾದವಳು ದೀಪ ಹಚ್ಚುವ ಹೊತ್ತಿಗೆ ತಲುಪಿದಳು.

ಮೂರನೆಯ ದಿನ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ತಂದು ಅವನ ಮುಂದಿಟ್ಟಳು.

‘ನಿನ್ನ ಮಗಳು ಉಳಿದಳು.’

‘ಮಗು?’

‘ಹಲಗೆ ಬಯಲಲ್ಲಿ ಚೆನ್ನಾಗಿ ಜಾರಿತಣ್ಣ. ಏರಿನಲ್ಲೂ ಚೆನ್ನಾಗಿ ಜಾರಿತು.’

ಅವನು ಅಳಲಿಲ್ಲ. ಅಂಟು ಮೇಣದ ಡಬ್ಬಿ ತೆಗೆದು, ಹಲಗೆಯ ನಡುವೆ ಹಚ್ಚತೊಡಗಿದ.  ಆ ದಿನ ಅಂಟು ಚೆನ್ನಾಗಿಯೇ ಹಿಡಿಯಿತು.”

ಶಿಷ್ಯ ಚಹಾದ ಲೋಟ ಕೆಳಗಿಟ್ಟ.

“ನಿನ್ನ ಸಾಧನೆ ಬಯಲೋ ಏರೋ ಎಂದು ಯೋಚಿಸುತ್ತ, ನನ್ನ ಚಹಾದ ದುಡ್ಡು ಕೊಟ್ಟು ಮನೆಗೆ ಹೋಗು,” ಎಂದ ಗುರು.