ಎಲೆಯಡಿಕೆ ಮುಗಿಯುವುದರೊಳಗೆ

"ತಪ್ಪು ಗೊತ್ತಾದ ಮೇಲೆ ಯಾರಿಗೂ ಹೇಳದೆ ತಿದ್ದಿಕೊಂಡರೆ ಸಾಲದೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಮಠದ ಮದ್ದಿನ ಕೋಣೆ ಅವನ ಉಸ್ತುವಾರಿಯಲ್ಲಿತ್ತು. ಬೇರು ಕುಟ್ಟುವುದು, ಪುಡಿ ಮಾಡುವುದು, ಬಂದವರಿಗೆ ಪೊಟ್ಟಣ ಕಟ್ಟಿಕೊಡುವುದು ಅವನ ಕೆಲಸ. ಆ ದಿನ ಬೆಳಗಿನಿಂದ ಅವನು ಹಿಂದಿನ ದಿನ ಪೊಟ್ಟಣ ಕಟ್ಟಿ ಉಳಿದ ಪುಡಿಯನ್ನೇ ಮೂರು ಸಲ ಜರಡಿ ಹಿಡಿದಿದ್ದ. ಗುರು ನೋಡಿದ್ದರು.

"ಕೂತುಕೋ" ಎಂದರು. ಕತೆ ಹೇಳಿದರು.

ಒಬ್ಬ ರಸ್ತೆ ಮೇಸ್ತ್ರಿ ಇದ್ದ. ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ ಗಾಡಿರಸ್ತೆ ಹಾಕುವ ಕೆಲಸ ಅವನಿಗೆ ಬಂತು. ನೆಲ ಜೌಗು. ಮಳೆ ಮೇಲಿನಿಂದ ಇಳಿಯುತ್ತದೆ, ಕೆರೆಯ ಒಸರು ಕೆಳಗಿನಿಂದ ಏರುತ್ತದೆ. ಅಂಥ ಕಡೆ ಮಣ್ಣು ಹಾಕಿ ಎತ್ತರಿಸಬೇಕು. ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸಣ್ಣ ಹರಳಿನ ಗರಸು. ಜಲ್ಲಿಯನ್ನು ಜರಡಿ ಹಿಡಿದೇ ಹರಡಬೇಕು. ಕಲ್ಲುಗಳ ನಡುವೆ ಸಂದಿದ್ದರೆ ಒಳಗೆ ಬಂದ ನೀರು ಅಂಚಿಗೆ ಹರಿದುಹೋಗುತ್ತದೆ. ಸಂದಿನಲ್ಲಿ ಮಣ್ಣು ಕೂತರೆ ನೀರೂ ಅಲ್ಲೇ ಕೂರುತ್ತದೆ.

ಮೇಸ್ತ್ರಿಗೆ ಇದೆಲ್ಲ ಗೊತ್ತಿತ್ತು. ಆದರೆ ಮಳೆಗಾಲ ಹತ್ತಿರ ಬಂದಿತ್ತು. ಕೊನೆಯ ಮೂರು ದಿನದ ಜಲ್ಲಿಯನ್ನು ಜರಡಿ ಹಿಡಿಯದೆ ಮಣ್ಣು ಸಮೇತ ಸುರಿಸಿದ.

ಅವನ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಗರಸು ಹೊದಿಸುವ ಮೊದಲು ಜಲ್ಲಿಯ ನಡುಮಧ್ಯೆ ಒಂದು ಕೊಡ ನೀರು ಸುರಿಯಬೇಕು. ಮೇಸ್ತ್ರಿ ಅಂಚಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳಬೇಕು. ಬಾಯಲ್ಲಿದ್ದದ್ದು ಮುಗಿಯುವುದರೊಳಗೆ ನೀರು ಅಂಚಿನಲ್ಲಿ ಕಾಣಬೇಕು. ಕಾಣದಿದ್ದರೆ ಹಾಕಿದ್ದನ್ನು ಕಿತ್ತು ಮತ್ತೆ ಹಾಕಬೇಕು.

ಮೇಸ್ತ್ರಿ ಕೂತ. ಮೊದಲ ಎಲೆ ಮುಗಿಯಿತು. ನೀರು ಬರಲಿಲ್ಲ. ಇನ್ನೊಂದು ಹಾಕಿಕೊಂಡ. ಅದೂ ಮುಗಿಯಿತು.

ಕೊಡ ಹೊತ್ತು ತಂದಿದ್ದ ಕೂಲಿ ಹೆಂಗಸು ನಕ್ಕಳು. "ನನ್ನ ಚೀಲದಲ್ಲಿ ಇನ್ನೂ ನಾಲ್ಕು ಎಲೆ ಇದಾವೆ ಮೇಸ್ತ್ರಿ. ಕೊಡಲಾ?"

"ಬಿಸಿಲಿಗೆ ಜಲ್ಲಿ ಒಣಗಿದೆ, ಕುಡಿದುಬಿಟ್ಟಿತು. ನೀನು ಗರಸು ಹೊರು, ನಡಿ" ಎಂದ ಮೇಸ್ತ್ರಿ.

ಗರಸು ಹೊದಿಸಿ, ದಿಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ. ಅಂಚಿನಲ್ಲಿ ಜಲ್ಲಿ ಕಾಣದ ಹಾಗೆ ಉದ್ದಕ್ಕೂ ಜೇಡಿಮಣ್ಣು ಮೆತ್ತಿಸಿದ. ರಸ್ತೆ ಮನೆಯ ಜಗಲಿಯ ಹಾಗೆ ನಯವಾಯಿತು. ಊರವರು ಶಾಲು ಹೊದಿಸಿದರು.

ಮಳೆ ಹಿಡಿಯಿತು. ಎಂಟು ದಿನ ಸುರಿದು ನಿಂತಿತು. ಎರಡು ದಿನದ ಬಿಸಿಲಿಗೆ ರಸ್ತೆಯ ಮೇಲ್ಮೈ ಒಣಗಿತು. ಮೇಸ್ತ್ರಿ ಒಬ್ಬನೇ ಹೋಗಿ ತಗ್ಗಿನ ಜಾಗದಲ್ಲಿ ಹಿಮ್ಮಡಿ ಊರಿದ. ಒಣಗಿದ ಗರಸು ಹುದುಗು ಬಂದ ಹಿಟ್ಟಿನ ಹಾಗೆ ಕುಗ್ಗಿ ಮತ್ತೆ ಎದ್ದಿತು. ಸಣ್ಣ ಬಿರುಕಿನಲ್ಲಿ ಕೆಸರುನೀರು ಇಣುಕಿ ಒಳಗೆ ಸರಿಯಿತು.

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಬಿರುಕಿನ ಮೇಲೆ ಒಣ ಗರಸು ಉದುರಿಸಿ ಕಾಲಿನಿಂದ ಒತ್ತಿದ.

ಅಂದಿನಿಂದ ದಿನಾ ಬೆಳಿಗ್ಗೆ ಹೋಗುತ್ತಿದ್ದ, ಒತ್ತುತ್ತಿದ್ದ. ಊರವರು ನೋಡಿ, ಹಾಕಿದ ರಸ್ತೆಗೆ ಹೀಗೆ ಸೇವೆ ಮಾಡುವ ಮೇಸ್ತ್ರಿಯನ್ನು ಎಲ್ಲೂ ಕಂಡಿಲ್ಲ ಎಂದರು. ಮೇಸ್ತ್ರಿಗೆ ಊಟ ಸೇರದಾಯಿತು. ಗಾಡಿಯ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿದ್ದ. ಸದ್ದು ತಗ್ಗಿಗೆ ಇಳಿದು, ದಾಟಿ, ಆಚೆ ಏರು ಹತ್ತುವವರೆಗೆ ಉಸಿರು ಬಿಡುತ್ತಿರಲಿಲ್ಲ. ದಾಟಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಗಾಡಿ ಬರುತ್ತಿತ್ತು.

ಮಾಡಬೇಕಾದದ್ದು ಅವನಿಗೆ ಗೊತ್ತಿತ್ತು. ಅಂಚಿನ ಜೇಡಿ ಒಡೆದು, ನೀರು ಹೊರಹೋಗಲು ನಾಲ್ಕು ಕಡೆ ಕಂಡಿ ಕಡಿಯಬೇಕು. ನೀರು ಇಳಿಯುವವರೆಗೆ ಗಾಡಿ ನಿಲ್ಲಿಸಬೇಕು. ಆದರೆ ಗಾಡಿ ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಕಂಡಿ ಕಡಿದರೆ ಒಳಗಿನ ಮಣ್ಣು ಕಾಣುತ್ತದೆ. ಮಳೆಗಾಲ ಕಳೆಯಲಿ, ಯಾರಿಗೂ ತಿಳಿಯದ ಹಾಗೆ ಕಿತ್ತು ಸರಿ ಮಾಡುತ್ತೇನೆ ಎಂದುಕೊಂಡ. ಅವನ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಸರಿ ಮಾಡಿಯೇ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಗರಸು ಒತ್ತುತ್ತಿದ್ದಾಗ ಒಬ್ಬ ಗಾಡಿಯವನು ಬಂದ. ಗಾಡಿಯ ತುಂಬ ಚಪ್ಪಡಿ ಕಲ್ಲು. ಎತ್ತು ನಿಲ್ಲಿಸಿ ಕೇಳಿದ. "ಮೇಸ್ತ್ರಿಗಳೇ, ಭಾರ ಜಾಸ್ತಿ ಆಗಿದೆ. ದಿಣ್ಣೆ ಮೇಲೆ ಬಳಸಿಕೊಂಡು ಹೋಗಲೋ, ಇಲ್ಲೇ ಹೊಡೆಯಲೋ?"

ಮೇಸ್ತ್ರಿಯ ಬಾಯಿಗೆ ಮಾತು ಬಂದಿತ್ತು. ಬಳಸಿಕೊಂಡು ಹೋಗು ಎಂದರೆ ಸಾಕಿತ್ತು. ಆದರೆ ಅವನು ಯಾಕೆ ಎಂದು ಕೇಳುತ್ತಾನೆ.

"ನಾನು ಹಾಕಿದ ರಸ್ತೆಯಪ್ಪಾ ಇದು. ಹೊಡಿ" ಎಂದ.

"ಅದಕ್ಕೇ ಕೇಳಿದ್ದು. ಬೇರೆಯವರ ರಸ್ತೆಯಾಗಿದ್ದರೆ ನಾನು ಕೇಳುತ್ತಲೇ ಇರಲಿಲ್ಲ, ದಿಣ್ಣೆ ಹತ್ತಿಬಿಡುತ್ತಿದ್ದೆ" ಎಂದು ಗಾಡಿಯವನು ನಕ್ಕು, ಇಳಿದು, ಗಾಲಿಯ ಪಕ್ಕ ಅಂಚಿನಲ್ಲಿ ನಡೆಯತೊಡಗಿದ.

ಇಪ್ಪತ್ತು ಹೆಜ್ಜೆ ಹೋದ. ಗಾಲಿ ನಡುವಿನ ಗುಂಬದವರೆಗೆ ಹೂತಿತು. ಅಂಚು ಒಡೆಯಿತು. ಗಾಡಿ ವಾಲಿ ಚಪ್ಪಡಿಗಳು ಜಾರಿದವು. ಗಾಡಿಯವನ ಎರಡು ಕಾಲೂ ಕೆಳಗೆ ಸಿಕ್ಕವು.

ಮೇಸ್ತ್ರಿ ಓಡಿ ಹೋಗಿ ಕಲ್ಲಿಗೆ ಕೈ ಹಾಕಿದ. ಗಾಡಿಯವನು ಅವನ ತೋಳು ಹಿಡಿದುಕೊಂಡು, "ನಾನೇ ತೀರಾ ಅಂಚಿಗೆ ಹೊಡೆದೆ ಅಂತ ಕಾಣುತ್ತೆ ಮೇಸ್ತ್ರಿಗಳೇ. ನಿಮ್ಮ ರಸ್ತೆಗೆ ಕೆಟ್ಟ ಹೆಸರು ತಂದೆ" ಎಂದ.

ಒಡೆದ ಅಂಚಿನಿಂದ ಆ ದಿನವೆಲ್ಲ ನೀರು ಒಸರಿತು. ಮಾರನೆಯ ದಿನವೂ ಒಸರಿತು. ಹತ್ತು ದಿನಕ್ಕೆ ಆ ಜಾಗ ಗಟ್ಟಿಯಾಯಿತು. ಗಾಡಿಯವನು ಮತ್ತೆ ನಡೆಯಲಿಲ್ಲ.

ಗುರು ಕತೆ ನಿಲ್ಲಿಸಿದರು. ಹೊತ್ತು ಇಳಿಯುತ್ತಿತ್ತು. ಶಿಷ್ಯ ಕೈಗೆ ಮೆತ್ತಿದ್ದ ಪುಡಿಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಮೇಸ್ತ್ರಿ ಆಮೇಲಾದರೂ ನಿಜ ಹೇಳಿದನೇ?" ಎಂದು ಕೇಳಿದ.

ಗುರು ಮದ್ದಿನ ಕೋಣೆಯ ಕಡೆ ನೋಡಿ ಕೇಳಿದರು.

"ನಿನ್ನೆ ನೀನು ಕಟ್ಟಿಕೊಟ್ಟ ಪೊಟ್ಟಣಗಳನ್ನು ಇವತ್ತು ಸಂಜೆ ಯಾರು ಯಾರು ಬಿಚ್ಚುತ್ತಾರೆ?"