ಬಾಗಿಲು ಹೊತ್ತು ಹೊರಟವನು

"ಗುರುಗಳೇ, ಒಬ್ಬರಿಗಾಗಿ ಹಂಬಲಿಸುವ ಮನಸ್ಸು ನಾಲ್ಕು ಜನರ ಉಪಯೋಗಕ್ಕೆ ಬಂದೀತೇ? ಅದನ್ನು ಮೊದಲು ಬಿಡಬೇಕಲ್ಲವೇ?" ಎಂದು ಚನ್ನಮಲ್ಲ ಕೇಳಿದ.

ಗುರುಗಳು ನಕ್ಕರು. "ಬಿಡು ಅಂದ ತಕ್ಷಣ ಬಿಡೋಕೆ ಅದೇನು ಹೆಗಲ ಮೇಲಿನ ಟವೆಲ್ಲೇನಯ್ಯ? ಕೂತ್ಕೋ, ಕೇಳು" ಎಂದು ಹೇಳತೊಡಗಿದರು.

ಕಡಲ ನಡುವಿನ ಒಂದು ದ್ವೀಪದಲ್ಲಿ ಬೆಂಕಿ ಕಾರುವ ಬೆಟ್ಟವಿತ್ತು. ಅದರ ಬುಡದ ಊರಿನಲ್ಲಿ ಒಬ್ಬ ವಿಜ್ಞಾನಿ ಇದ್ದ. ನೆಲದ ನಡುಕ ಅಳೆಯುವುದು ಅವನ ಕೆಲಸ. ಹಗಲೂ ಇರುಳೂ ಅದೇ ಧ್ಯಾನ. ಹೆಂಡತಿಗೆ ಸಾಕಾಗಿ ಹೋಯಿತು. "ನೀವು ನನ್ನನ್ನಲ್ಲ, ಈ ಬೆಟ್ಟವನ್ನು ಕಟ್ಟಿಕೊಂಡಿದ್ದೀರಿ. ನನ್ನನ್ನು ಹುಡುಕಬೇಡಿ. ಮನಸ್ಸಾದರೆ ನಾನೇ ಈ ಮನೆಗೆ ಬರುತ್ತೇನೆ" ಎಂದು ಹೇಳಿ ದೋಣಿ ಹತ್ತಿದಳು. ಎಲ್ಲಿಗೆ ಹೋದಳೋ ಅವನಿಗೆ ತಿಳಿಯದು. ಅಂದಿನಿಂದ ಅವನು ಇಬ್ಬರಿಗೆ ಅನ್ನ ಮಾಡಿಟ್ಟು, ದೋಣಿ ಬಂದಾಗಲೆಲ್ಲ ದಡಕ್ಕೆ ಓಡುತ್ತಿದ್ದ. "ಇವನು ಸತ್ತರೂ ಈ ಮನೆ ಬಿಡಲಾರ" ಎಂದು ಊರವರು ಆಡಿಕೊಳ್ಳುತ್ತಿದ್ದರು.

ಒಂದು ದಿನ ನಡುಕ ವಿಪರೀತ ಏರಿತು. ಬೆಟ್ಟ ಸಿಡಿಯುವುದು ಅವನಿಗೆ ಖಚಿತವಾಯಿತು. ಮನೆಮನೆಗೆ ಹೋಗಿ, ಎಲ್ಲರೂ ಊರು ಬಿಡಿ ಎಂದು ಬೇಡಿಕೊಂಡ. ಯಾರೂ ಕದಲಲಿಲ್ಲ. ಒಬ್ಬ ಅಜ್ಜಿಯಂತೂ ಮುಖಕ್ಕೇ ಹೇಳಿದಳು: "ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ನಿನ್ನ ಮನೆ ಬಾಗಿಲು ಇನ್ನೂ ಅಲ್ಲೇ ಇದೆಯಲ್ಲಪ್ಪ?"

ಆ ದ್ವೀಪದಲ್ಲಿ ಒಂದು ಪದ್ಧತಿ. ಊರು ಬಿಟ್ಟೇ ಹೋಗುವವರು ಮನೆಯ ಬಾಗಿಲನ್ನು ಕಳಚಿ ಹೊತ್ತೊಯ್ಯಬೇಕು. ಅಲ್ಲಿಗೆ ಆ ಮನೆಯ ಋಣ ಮುಗಿಯಿತು. ಬಾಗಿಲಿಲ್ಲದ ಮನೆಯತ್ತ ಮತ್ತೆ ಯಾರೂ ಹೆಜ್ಜೆ ಇಡುವುದಿಲ್ಲ. ಅವನ ಹೆಂಡತಿಯೂ ಆ ದ್ವೀಪದವಳೇ.

ವಿಜ್ಞಾನಿ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತ. ಇವತ್ತಿನ ದೋಣಿಯಲ್ಲೇ ಅವಳು ಬಂದರೆ? ಈ ಮನೆ ಬಿಟ್ಟರೆ ತನ್ನನ್ನು ಎಲ್ಲಿ ಹುಡುಕಿಯಾಳು? ಒಮ್ಮೆ, ಒಂದೇ ಒಂದು ಸಲ ಅವಳ ಮುಖ ಕಾಣಬೇಕೆಂದು ಅವನ ಜೀವ ಹಾತೊರೆಯಿತು. ಅಳು ಬಂತು, ಅತ್ತ. ಆಮೇಲೆ ಎದ್ದು ಬಾಗಿಲು ಕಳಚಿದ. ಬೆನ್ನ ಮೇಲೆ ಹೊತ್ತು ಊರ ನಡುವೆ ನಡೆದ.

ಅಜ್ಜಿ ನೋಡಿದಳು. "ಅಯ್ಯಯ್ಯೋ, ಇವನೇ ಹೊರಟನಲ್ಲೇ!" ಎಂದು ಸೊಸೆಯನ್ನು ಕೂಗಿದಳು. ಸಂಜೆಯೊಳಗೆ ಊರಿನ ಬಾಗಿಲುಗಳೆಲ್ಲ ಕಳಚಿದವು, ಊರಿಗೆ ಊರೇ ದೋಣಿ ಹತ್ತಿತು. ಮರುದಿನ ಬೆಟ್ಟ ಸಿಡಿದು ಊರು ಬೂದಿಯಲ್ಲಿ ಹೂತುಹೋಯಿತು. ಒಂದು ಜೀವವೂ ಹೋಗಲಿಲ್ಲ. ಹೆಂಡತಿ ಮಾತ್ರ ಅವನಿಗೆ ಮತ್ತೆ ಸಿಗಲಿಲ್ಲ.

ಗುರುಗಳು ಕಥೆ ಮುಗಿಸಿದರು.

"ಹಾಗಾದರೆ ಅವನು ಹಂಬಲ ಬಿಟ್ಟಿದ್ದರಿಂದಲೇ ಊರು ಉಳಿಯಿತು" ಎಂದ ಚನ್ನಮಲ್ಲ.

"ಹುಚ್ಚಪ್ಪ, ಹಂಬಲವೇ ಇಲ್ಲದವನು ಹೊರಟಿದ್ದರೆ ಅವನ ಹಿಂದೆ ಯಾರು ಹೊರಡುತ್ತಿದ್ದರು?"