ಬಿಂಕಿ ಕಟ್ಟಿದ ಬಿಗಿ ಬಳ್ಳಿ

ಒಂದು ಕಾಡಿನ ನಡುವೆ ಹಳ್ಳ ಹರಿಯುತ್ತಿತ್ತು, ಮಕ್ಕಳೇ. ಈ ದಡದಲ್ಲಿ ನೇರಳೆ ಮರ, ಆ ದಡದಲ್ಲಿ ಅತ್ತಿ ಮರ. ಪ್ರತಿ ಮಳೆಗಾಲದ ಮುಂಚೆ ಕೋತಿಗಳು ಹಳ್ಳ ದಾಟಲು ಎರಡೂ ಮರಗಳನ್ನು ಸೇರಿಸಿ ಹೊಸ ಬಳ್ಳಿ ಕಟ್ಟುತ್ತಿದ್ದವು. ಕಟ್ಟಿದವರೇ ಮೊದಲು ದಾಟಿ ತೋರಿಸಬೇಕು, ಅದು ಅಲ್ಲಿಯ ಕಟ್ಟಳೆ.

ಆ ಸಲ ಸರದಿ ಬಿಂಕಿ ಎಂಬ, ಪುಟ್ಟ ಮಗುವಿದ್ದ ಕೋತಿಯದು. ಅವಳಿಗೋ, ಎಲ್ಲವೂ ನೆಟ್ಟಗಿರಬೇಕು. ಹೋದ ವರ್ಷ ಅತ್ತೆ ಕಾಳವ್ವ ಕಟ್ಟಿದ್ದ ಬಳ್ಳಿ ನಡುವೆ ಜೋಲುಬಿದ್ದು ತೂಗಾಡುತ್ತಿತ್ತು. ಅದನ್ನು ಕಂಡರೆ ಬಿಂಕಿಗೆ ಮೈಯೆಲ್ಲ ಉರಿ.

"ಥೂ, ಮುದುಕಿಯ ಹೊಟ್ಟೆ ಇದ್ದ ಹಾಗಿದೆ! ಈಗ ನನ್ನದು ನೋಡಿ" ಎಂದು ಅದರ ಮೇಲ್ಗಡೆಯೇ ಹೊಸ ಬಳ್ಳಿ ಕಟ್ಟಿದಳು. ನಾಲ್ಕಾರು ಕೋತಿಗಳ ಕೈಲಿ ಜಗ್ಗಿಸಿ ಜಗ್ಗಿಸಿ ಬಿಗಿದಳು. ಮೀಟಿದರೆ 'ಟಣ್' ಎನ್ನುತ್ತಿತ್ತು.

"ಆಹಾ, ಎಷ್ಟು ನೆಟ್ಟಗಿದೆ!" ಎಂದವು ಗಿಳಿಗಳು.

ಕಾಳವ್ವ ತಲೆ ಕೆರೆದುಕೊಂಡಳು. "ಸ್ವಲ್ಪ ಸಡಿಲ ಬಿಡೇ ಬಿಂಕಿ. ಜೋಲುಬಿದ್ದ ಬಳ್ಳಿ ನಮ್ಮ ಭಾರವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತೆ. ಬಿಗಿದದ್ದು ಎರಡು ಮರಗಳ ನಡುವೆ ಅಡ್ಡಡ್ಡ ಎಳೆದೇ ಸುಸ್ತಾಗಿ ಹರಿದುಹೋಗುತ್ತೆ."

"ಹೊಟ್ಟೆಕಿಚ್ಚು ಪಡಬೇಡಿ ಅತ್ತೆ."

"ಹೋಗಲಿ, ಮಗುವನ್ನಾದರೂ ನನ್ನ ಕೈಗೆ ಕೊಟ್ಟು ಹೋಗು."

"ಯಾಕೆ? ನನ್ನ ಬಳ್ಳಿ ಮೇಲೆ ನಂಬಿಕೆ ಇಲ್ವಾ?" ಎಂದು ಬಿಂಕಿ ಮಗುವನ್ನು ಹೊಟ್ಟೆಗೆ ಅವಚಿಕೊಂಡು ಹೊರಟೇಬಿಟ್ಟಳು.

ಬೆಟ್ಟದಲ್ಲಿ ಆಗಲೇ ಮಳೆಯಾಗಿತ್ತು. ಕೆಳಗೆ ಹಳ್ಳ ಸೊಕ್ಕಿ ಹರಿಯುತ್ತಿತ್ತು. ಬಿಂಕಿ ನಡುವಿಗೆ ಬಂದಳೋ ಇಲ್ಲವೋ, ಬಳ್ಳಿ ಕಿರ್ರೆಂದು ನರಳಿ ಪಟ್ಟನೆ ಹರಿಯಿತು!

"ಅಯ್ಯೋ, ನನ್ನ ಮಗು!"

ಬೀಳುತ್ತ ಬೀಳುತ್ತ ಅವಳ ಕೈಗೆ ಸಿಕ್ಕಿದ್ದು ಅತ್ತೆಯ ಹಳೇ ಬಳ್ಳಿ. ಅದು ಬಾಗಿತು, ಇನ್ನೂ ಬಾಗಿತು, ಬಿಂಕಿಯ ಬಾಲ ನೀರಿಗೆ ತಾಗಿತು. ಇದೂ ಹೋಯಿತು ಎಂದು ಅವಳು ಕಣ್ಣು ಮುಚ್ಚಿದಳು. ಬಳ್ಳಿ ಹರಿಯಲಿಲ್ಲ.

"ಒದ್ದಾಡಬೇಡ ಕಣೇ!" ದಡದಿಂದ ಕಾಳವ್ವ ಕೂಗಿದಳು. "ತೂಗಾಟ ನಿಲ್ಲಲಿ, ಆಮೇಲೆ ಮೆಲ್ಲಗೆ ಬಾ."

ಬಿಂಕಿ ಹಾಗೇ ಮಾಡಿದಳು. ದಡ ಸೇರಿದ ಮೇಲೆ ಅತ್ತೆಯನ್ನು ತಬ್ಬಿಕೊಂಡು ಗಳಗಳ ಅತ್ತಳು.

ಮರುದಿನ ಅವಳು ಇನ್ನೊಂದು ಬಳ್ಳಿ ಕಟ್ಟಿದಳು.

"ಅಯ್ಯೋ, ಇದೂ ಜೋಲುಬಿದ್ದಿದೆ!" ಎಂದವು ಗಿಳಿಗಳು.

"ಬಿದ್ದಿರಲಿ ಬಿಡಿ" ಎಂದಳು ಬಿಂಕಿ. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ತಾನೊಬ್ಬಳೇ ಮೊದಲು ದಾಟಿದಳು.

ನೀತಿ: ಭಾರ ಹೊರುವುದಕ್ಕೆ ಬಾಗಲು ಜಾಗ ಬೇಕು, ಅಂದಕ್ಕಾಗಿ ಅದನ್ನು ಕಸಿದರೆ ಗಟ್ಟಿಯಾದದ್ದೂ ಹರಿಯುತ್ತದೆ.